ಟೈಮರನ್ನು ಬೈಯುವ ಮೊದಲು

ತಾರಸಿ ತೋಟಕ್ಕೆ ಟೈಮರ್ ಹಾಕಿಸಿದವರು ಹೇಳುವ ದೂರು ಒಂದೇ. "ಆರು ಗಂಟೆಗೆ ಆನ್ ಆಯ್ತು, ಆಫ್ ಆಗಲೇ ಇಲ್ಲ. ಟ್ಯಾಂಕ್ ಖಾಲಿ!" ಅದನ್ನು ಕಿತ್ತು, ಮೊಬೈಲಿನಿಂದ ನಡೆಯುವ ದುಬಾರಿ ಟೈಮರ್ ತರುತ್ತಾರೆ. ಅದೂ ಹಾಗೇ ಮಾಡುತ್ತದೆ. ಪಾಪ, ಟೈಮರ್ ಬರೀ ಗಡಿಯಾರ. ಹೊತ್ತಿಗೆ ಸರಿಯಾಗಿ ಸೊಲೆನಾಯ್ಡ್ ವಾಲ್ವಿಗೆ, ಅಂದರೆ ಕರೆಂಟಿನಿಂದ ತೆರೆಯುವ ನೀರಿನ ಕವಾಟಕ್ಕೆ, ಕರೆಂಟ್ ಕೊಡುತ್ತದೆ, ಆಮೇಲೆ ನಿಲ್ಲಿಸುತ್ತದೆ. ಹಾಗಾದರೆ ನೀರನ್ನು ತಡೆಯುವುದು ಯಾರು? ನೀರೇ!

ಲೆಕ್ಕ ನೋಡಿ. ವಾಲ್ವಿನ ಬಾಯಿ 25 ಮಿಲಿಮೀಟರ್ ಅಗಲ, ಒತ್ತಡ ಚದರ ಸೆಂಟಿಮೀಟರಿಗೆ 2 ಕೆಜಿ ಅಂದುಕೊಳ್ಳಿ. ಅದನ್ನು ನೇರವಾಗಿ ಅದುಮಿ ಹಿಡಿಯಲು ಸುಮಾರು 10 ಕೆಜಿ ಭಾರ ಬೇಕು. ಕರೆಂಟ್ ಹರಿದಾಗ ಅಯಸ್ಕಾಂತವಾಗುವ ಪುಟ್ಟ ತಂತಿ ಸುರುಳಿ, ಅಂದರೆ ಕಾಯಿಲ್‌ಗೆ ಅದು ಆಗದ ಮಾತು. ಅದಕ್ಕೇ ಬಾಯಿಯ ಮೇಲೆ ಒಂದು ರಬ್ಬರ್ ಪರದೆ ಇರುತ್ತದೆ. ಅದರ ಅಂಚಿನಲ್ಲಿ ಸಣ್ಣ ತೂತು. ಒಳಬಂದ ನೀರು ಆ ತೂತಿನಿಂದ ಪರದೆಯ ಮೇಲಿನ ಗೂಡಿಗೂ ತುಂಬುತ್ತದೆ. ಈಗ ಮೇಲೂ ಕೆಳಗೂ ಒತ್ತಡ ಒಂದೇ. ಆದರೆ ಕೆಳಗಿನ ನೀರಿಗೆ ಸಿಗುವುದು ಅಂಚು ಮಾತ್ರ, ಮೇಲಿನ ನೀರಿಗೆ ಇಡೀ ಪರದೆ. ಮೇಲಿನದೇ ಗೆಲ್ಲುತ್ತದೆ, ಬಾಯಿ ಮುಚ್ಚುತ್ತದೆ. ಒಳಮುಚ್ಚಳದ ಕುಕ್ಕರಿನಲ್ಲಿ ಹಬೆಯೇ ಮುಚ್ಚಳವನ್ನು ಬಿಗಿಯುತ್ತದಲ್ವಾ, ಹಾಗೆ.

ತೆರೆಯುವುದು ಇನ್ನೂ ಸೊಗಸು. ಕಾಯಿಲ್ ಒಂದು ಕಬ್ಬಿಣದ ಕಡ್ಡಿಯನ್ನು ಎತ್ತುತ್ತದೆ. ಅದರಡಿ 1.5 ಮಿಲಿಮೀಟರಿನ ಇನ್ನೊಂದು ತೂತಿದೆ ಎನ್ನಿ. ಅಲ್ಲಿ ನೀರು ಒತ್ತುವ ಭಾರ 40 ಗ್ರಾಂ ಕೂಡ ಇಲ್ಲ! ಕಡ್ಡಿ ಎದ್ದೊಡನೆ ಆ ತೂತಿನಿಂದ ಗೂಡಿನ ನೀರು ಬೇಗ ಖಾಲಿಯಾಗುತ್ತದೆ, ಪರದೆ ತಾನೇ ಏಳುತ್ತದೆ.

ಹೀಗೆ ಬೇಕೆಂದಾಗ ಹಿಡಿದು ಬೇಡವೆಂದಾಗ ಬಿಡುವ ಅಯಸ್ಕಾಂತ ಮಾಡಿದವನು ಇಂಗ್ಲೆಂಡಿನ ವಿಲಿಯಂ ಸ್ಟರ್ಜನ್. ಶೂ ಹೊಲಿಯುವ ಕೆಲಸ ಕಲಿತು, ಸೈನ್ಯ ಸೇರಿ, ತಾನೇ ವಿಜ್ಞಾನ ಓದಿಕೊಂಡವನು. 1825ರಲ್ಲಿ 200 ಗ್ರಾಂ ಕಬ್ಬಿಣದಿಂದ ಸುಮಾರು 4 ಕೆಜಿ ಎತ್ತಿ ತೋರಿಸಿದ.

ಈಗ ದೂರಿಗೆ ಬರೋಣ. ನೀರೇ ಮುಚ್ಚಬೇಕಾದರೆ ನೀರಿಗೆ ಒತ್ತಡ ಬೇಕು. 10 ಮೀಟರ್ ಎತ್ತರದಿಂದ ಇಳಿದರೆ ಸಿಗುವುದು ಸುಮಾರು 1 ಕೆಜಿ. ಕುಂಡಗಳಿಗಿಂತ ಎರಡೇ ಮೀಟರ್ ಮೇಲಿರುವ ಟ್ಯಾಂಕಿನಿಂದ 0.2 ಕೆಜಿ ಅಷ್ಟೇ. ಇಂಥ ಎಷ್ಟೋ ವಾಲ್ವುಗಳಿಗೆ ಅದು ಸಾಲದು. ಕೊಳ್ಳುವಾಗ ಕನಿಷ್ಠ ಒತ್ತಡ ಎಷ್ಟೆಂದು ಕೇಳಿ. ಟ್ಯಾಂಕ್ ತಗ್ಗಿನಲ್ಲಿದ್ದರೆ ಮೋಟಾರಿನಿಂದ ತಿರುಗುವ ಬಾಲ್ ವಾಲ್ವ್ ಹಾಕಿಸಿ, ಅದಕ್ಕೆ ನೀರಿನ ಒತ್ತಡದ ಹಂಗಿಲ್ಲ.

ಒತ್ತಡ ಸಾಕಷ್ಟಿದ್ದೂ ಮುಚ್ಚದಿದ್ದರೆ ಪರದೆಯ ತೂತು ನೋಡಿ. ಬೋರ್‌ವೆಲ್ ಮರಳಿನ ಒಂದು ಕಣ ಕೂತರೂ ಗೂಡು ತುಂಬುವುದಿಲ್ಲ. ಸುಮ್ನೆ ಬಿಚ್ಚಿ ತೊಳೆದರೆ ಸಾಕು. ಫಿಲ್ಟರನ್ನು ಡ್ರಿಪ್ ಪೈಪಿನ ಬಾಯಿಗೆ ಕೂರಿಸಿದ್ದರೆ ಅದನ್ನು ತೆಗೆದು ವಾಲ್ವಿನ ಹಿಂದೆ, ಟ್ಯಾಂಕಿನ ಕಡೆಗೆ ಹಾಕಿಸಿ.