ಮುಚ್ಚಿದ ಬಾಗಿಲ ಹಿಂದಿನ ಸಾಲದ ಕಥೆ: ಗ್ರೀಸ್ ಬಿಕ್ಕಟ್ಟು ಸಿನಿಮಾ ಆದದ್ದು ಹೇಗೆ

2015ರ ಜನವರಿ 30, ಅಥೆನ್ಸ್. ಪತ್ರಿಕಾಗೋಷ್ಠಿ ನಡೆಯುತ್ತಿದೆ. ಗ್ರೀಸ್‌ನ ಹೊಸ ಹಣಕಾಸು ಮಂತ್ರಿ ಯಾನಿಸ್ ವರುಫಾಕಿಸ್ ಅಧಿಕಾರಕ್ಕೆ ಬಂದು ಇನ್ನೂ ಮೂರು ದಿನ. ಪಕ್ಕದಲ್ಲಿ ನೆದರ್ಲೆಂಡ್ಸ್‌ನ ಯೆರೂನ್ ಡೈಸೆಲ್‌ಬ್ಲುಮ್. ಯೂರೋ ಬಳಸುವ ದೇಶಗಳ ಹಣಕಾಸು ಮಂತ್ರಿಗಳ ಕೂಟಕ್ಕೆ, ಅಂದರೆ ಯೂರೋಗ್ರೂಪ್‌ಗೆ, ಅವರೇ ಅಧ್ಯಕ್ಷರು. ಗ್ರೀಸ್‌ಗೆ ಕೊಟ್ಟ ಸಾಲದ ಉಸ್ತುವಾರಿ ನೋಡುವ ಮೂರು ಸಂಸ್ಥೆಗಳ ಕೂಟ, ಅಂದರೆ ಟ್ರೊಯ್ಕಾ, ಕಳಿಸುವ ಅಧಿಕಾರಿಗಳ ಜೊತೆ ನಾವು ಇನ್ನು ವ್ಯವಹರಿಸುವುದಿಲ್ಲ ಎಂದು ವರುಫಾಕಿಸ್ ಹೇಳಿಬಿಟ್ಟರು. ಡೈಸೆಲ್‌ಬ್ಲುಮ್ ಇಯರ್‌ಫೋನ್ ಕಿತ್ತಿಟ್ಟರು, ಎದ್ದರು, ಕೈಕುಲುಕುತ್ತಾ ಕಿವಿಯಲ್ಲಿ ಏನೋ ಅಂದು ಹೊರಟೇ ಹೋದರು. ಎಲ್ಲರೂ ನೋಡಿದರು, ಯಾರಿಗೂ ಕೇಳಿಸಲಿಲ್ಲ. "ಈಗಷ್ಟೇ ಟ್ರೊಯ್ಕಾವನ್ನು ಕೊಂದಿರಿ" ಅಂದರು ಅಂತ ವರುಫಾಕಿಸ್ ಆಮೇಲೆ ಹೇಳಿದ್ದಾರೆ.

ಒಂದು ದೇಶದ ಸಾಲದ ಕಥೆಯನ್ನು ಸಿನಿಮಾ ಮಾಡಹೊರಟವರ ಕಷ್ಟವೆಲ್ಲ ಇದೊಂದು ದೃಶ್ಯದಲ್ಲೇ ಇದೆ ಅನಿಸುತ್ತದೆ ನನಗೆ. ಹೊರಗೆ ಕಾಣುವುದು ಕೈಕುಲುಕುವುದು, ಕಾರಿನಿಂದ ಇಳಿಯುವುದು, ಗುಂಪು ಫೋಟೋ, ಅಷ್ಟೇ. ಪಿಂಚಣಿ ಎಷ್ಟು ಕಡಿಮೆಯಾಗಬೇಕು, ಯಾವ ಬಂದರು ಮಾರಬೇಕು ಎಂಬುದೆಲ್ಲ ತೀರ್ಮಾನ ಆಗುವುದು ಒಳಗೆ. ಆ ಒಳಗೆ ಕ್ಯಾಮೆರಾ ಇಲ್ಲ. ಫ್ರಾನ್ಸ್‌ನಲ್ಲಿ ನೆಲೆಸಿದ ಗ್ರೀಕ್ ನಿರ್ದೇಶಕ ಕೋಸ್ಟಾ-ಗಾವ್ರಾಸ್ ತಮ್ಮ 86ನೇ ವಯಸ್ಸಿನಲ್ಲಿ, 2019ರಲ್ಲಿ, 'ಅಡಲ್ಟ್ಸ್ ಇನ್ ದ ರೂಮ್' ಅನ್ನುವ ಚಿತ್ರ ಮಾಡಿ ನಮ್ಮನ್ನು ಆ ಕೋಣೆಯೊಳಗೇ ಕೂರಿಸಿದರು. ಅವರು ಯಾಕೆ ಹಾಗೆ ಮಾಡಿದರು ಅಂತ ಅರ್ಥ ಆಗಬೇಕಾದರೆ ಸಾಲದ ಕಥೆಯನ್ನೇ ಮೊದಲಿಂದ ನೋಡಬೇಕು.

ಗ್ರೀಸ್ ಯೂರೋಗೆ ಸೇರಿದ್ದು 2001ರಲ್ಲಿ. ಒಂದೇ ನಾಣ್ಯವಾದ್ದರಿಂದ, ಜರ್ಮನಿಗೆ ಸಿಗುವಷ್ಟೇ ಅಗ್ಗದ ಬಡ್ಡಿಗೆ ಹತ್ತಿರ ಹತ್ತಿರ ಗ್ರೀಸ್‌ಗೂ ಸಾಲ ಸಿಗತೊಡಗಿತು. ಕೊಟ್ಟವರಲ್ಲಿ ಫ್ರಾನ್ಸ್ ಮತ್ತು ಜರ್ಮನಿಯ ದೊಡ್ಡ ಬ್ಯಾಂಕುಗಳು ಮುಂದಿದ್ದವು. ಸರ್ಕಾರಗಳು ಒಂದರ ಹಿಂದೆ ಒಂದು ಲೆಕ್ಕ ಮುಚ್ಚಿಟ್ಟವು. 2009ರ ಅಕ್ಟೋಬರ್‌ನಲ್ಲಿ ಗೆದ್ದುಬಂದ ಜಾರ್ಜ್ ಪಪಾಂದ್ರೆಯು ಸರ್ಕಾರ ಪುಸ್ತಕ ತೆರೆದು ನೋಡಿದರೆ, ಆ ವರ್ಷದ ಬಜೆಟ್ ಕೊರತೆ ಹಿಂದಿನ ಸರ್ಕಾರ ಹೇಳಿದ್ದರ ಎರಡು ಪಟ್ಟು. ಜಿಡಿಪಿಯ ಶೇ 12ಕ್ಕೂ ಜಾಸ್ತಿ. ಕೊನೆಗೆ ತಿದ್ದಿ ತಿದ್ದಿ ಅದು ಶೇ 15 ದಾಟಿತು. ಸಾಲ ಕೊಡುವವರು ಹಿಂದೆ ಸರಿದರು. ಸ್ವಂತ ನಾಣ್ಯ ಇದ್ದಿದ್ದರೆ ಅದರ ಬೆಲೆ ಇಳಿಸಿ ಸ್ವಲ್ಪ ಉಸಿರಾಡಬಹುದಿತ್ತು. ಆ ದಾರಿ ಮುಚ್ಚಿಹೋಗಿತ್ತು.

2010ರ ಏಪ್ರಿಲ್ 23ರಂದು ಪಪಾಂದ್ರೆಯು ಟಿವಿಯಲ್ಲಿ ಬಂದು ನೆರವು ಕೇಳುತ್ತಿದ್ದೇವೆ ಎಂದರು. ಅವರು ನಿಂತಿದ್ದು ಟರ್ಕಿ ತೀರಕ್ಕೆ ಅಂಟಿಕೊಂಡಂತಿರುವ ಕಸ್ತೆಲೊರಿಝೊ ಎಂಬ ಪುಟ್ಟ ದ್ವೀಪದ ಬಂದರಿನ ಮುಂದೆ. ಹಿಂದೆ ನೀಲಿ ನೀರು, ದೋಣಿಗಳು, ಬಣ್ಣದ ಮನೆಗಳು. ಗ್ರೀಕರು ಆ ಚಿತ್ರವನ್ನು ಇವತ್ತಿಗೂ ಮರೆತಿಲ್ಲ. ಮೇ ತಿಂಗಳಲ್ಲಿ 110 ಶತಕೋಟಿ ಯೂರೋ ಸಾಲ ಮಂಜೂರಾಯಿತು. ಯುರೋಪಿಯನ್ ಕಮಿಷನ್, ಯುರೋಪಿಯನ್ ಸೆಂಟ್ರಲ್ ಬ್ಯಾಂಕ್ ಮತ್ತು ಅಂತರರಾಷ್ಟ್ರೀಯ ಹಣಕಾಸು ನಿಧಿ, ಈ ಮೂರೂ ಸೇರಿ ಉಸ್ತುವಾರಿ. ಇದೇ ಟ್ರೊಯ್ಕಾ. ಸಂಬಳ, ಪಿಂಚಣಿ ಕಡಿತ ಮಾಡಿ, ತೆರಿಗೆ ಏರಿಸಿ, ಸರ್ಕಾರದ ಆಸ್ತಿ ಮಾರಿ ಅಂತ ಷರತ್ತು.

ದುಡ್ಡು ಎಲ್ಲಿಗೆ ಹೋಯಿತು? ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಈ ಒಂದು ವಿಷಯ ಗೊತ್ತಿಲ್ಲದಿದ್ದರೆ ಗ್ರೀಕರು ಯಾಕೆ ಅಷ್ಟು ಸಿಟ್ಟಾದರು ಅನ್ನುವುದೇ ತಿಳಿಯುವುದಿಲ್ಲ. ಬರ್ಲಿನ್‌ನ ಇಎಸ್‌ಎಂಟಿ ಎಂಬ ಬಿಸಿನೆಸ್ ಸ್ಕೂಲ್ 2016ರಲ್ಲಿ ಮೊದಲ ಎರಡು ಸಾಲಗಳ ಲೆಕ್ಕ ತೆಗೆಯಿತು. ಒಟ್ಟು 215.9 ಶತಕೋಟಿ ಯೂರೋ ಬಂದಿತ್ತು. ಅದರಲ್ಲಿ ಗ್ರೀಸ್ ಸರ್ಕಾರದ ಬಜೆಟ್‌ಗೆ ನೇರವಾಗಿ ಸಿಕ್ಕಿದ್ದು 9.7 ಶತಕೋಟಿ, ಅಂದರೆ ಶೇ 5ಕ್ಕಿಂತ ಕಡಿಮೆ. ಉಳಿದದ್ದೆಲ್ಲ ಹಳೆಯ ಸಾಲದ ಅಸಲಿಗೆ, ಬಡ್ಡಿಗೆ, ಬ್ಯಾಂಕುಗಳಿಗೆ ಬಂಡವಾಳ ತುಂಬುವುದಕ್ಕೆ. ಸಾಲ ತೀರಿಸಲು ಸಾಲ. ಮನೆಯಲ್ಲಿ ಒಬ್ಬರ ಕೈಸಾಲ ತೀರಿಸಲು ಇನ್ನೊಬ್ಬರ ಬಳಿ ಹೋದವರಿಗೆ ಇದರ ಕೊನೆ ಏನು ಅಂತ ಹೇಳಿಕೊಡಬೇಕಿಲ್ಲ.

2012ರಲ್ಲಿ ಎರಡನೇ ಸಾಲ. ಆಗ ಸಾಲ ಕೊಟ್ಟ ಖಾಸಗಿಯವರ ಬಾಂಡ್‌ಗಳ, ಅಂದರೆ ಸಾಲಪತ್ರಗಳ, ಮುಖಬೆಲೆಯಲ್ಲಿ ಶೇ 53.5ರಷ್ಟನ್ನು ಕಡಿದರು. ಆದರೂ ಹೊರೆ ಇಳಿಯಲಿಲ್ಲ, ಯಾಕೆಂದರೆ ಆದಾಯವೇ ಕುಸಿಯುತ್ತಿತ್ತು. 2009ರಲ್ಲಿ ಜಿಡಿಪಿಯ ಸುಮಾರು ಶೇ 127ರಷ್ಟಿದ್ದ ಸಾಲ 2014ರ ಹೊತ್ತಿಗೆ ಶೇ 175 ದಾಟಿತ್ತು. ದೇಶದ ಆರ್ಥಿಕತೆಯಲ್ಲಿ ಕಾಲುಭಾಗ ಕರಗಿಹೋಗಿತ್ತು. 2013ರಲ್ಲಿ ನಿರುದ್ಯೋಗ ಶೇ 27, ಯುವಕರಲ್ಲಿ ಅರ್ಧಕ್ಕಿಂತ ಜಾಸ್ತಿ. ಅದೇ ವರ್ಷ ಹಣಕಾಸು ನಿಧಿಯೇ ತನ್ನ ಮೊದಲ ಕಾರ್ಯಕ್ರಮದಲ್ಲಿ ಗಮನಾರ್ಹ ವೈಫಲ್ಯಗಳಿದ್ದವು ಎಂದು ವರದಿಯಲ್ಲಿ ಒಪ್ಪಿಕೊಂಡಿತು. ಅದೇ ವರ್ಷ ಜೂನ್ 11ರಂದು ಸರ್ಕಾರ ಖರ್ಚು ಕಡಿತದ ಹೆಸರಲ್ಲಿ ಸರ್ಕಾರಿ ಟಿವಿ ಇಆರ್‌ಟಿಯನ್ನೇ ರಾತ್ರೋರಾತ್ರಿ ಮುಚ್ಚಿತು. ಮನೆಮನೆಯ ಪರದೆ ಕಪ್ಪಾಯಿತು.

ಈ ಹೊತ್ತಿಗಾಗಲೇ ಕ್ಯಾಮೆರಾ ಹಿಡಿದವರು ಬೀದಿಗೆ ಇಳಿದಿದ್ದರು. 2011ರಲ್ಲಿ ಕತೆರಿನಾ ಕಿತಿದಿ ಮತ್ತು ಆರಿಸ್ ಹಾಜಿಸ್ಟೆಫಾನು ಎಂಬ ಇಬ್ಬರು ಪತ್ರಕರ್ತರು ಜನರಿಂದಲೇ ಚಂದಾ ಎತ್ತಿ 'ಡೆಟೊಕ್ರಸಿ' ಎಂಬ ಸಾಕ್ಷ್ಯಚಿತ್ರ ಮಾಡಿ ಇಂಟರ್ನೆಟ್‌ಗೆ ಉಚಿತವಾಗಿ ಹಾಕಿದರು. ಈಕ್ವೆಡಾರ್ ತನ್ನ ಸಾಲಗಳ ಲೆಕ್ಕ ತಪಾಸಣೆ ಮಾಡಿಸಿ, ಇಂಥಿಂಥದ್ದು ಅಕ್ರಮ, ಕೊಡುವುದಿಲ್ಲ ಎಂದಿತ್ತಲ್ಲ, ನಾವೂ ಹಾಗೆ ಯಾಕೆ ಕೇಳಬಾರದು ಅನ್ನುವುದು ಅದರ ವಾದ. ಚಿತ್ರ ಒಂದೇ ಕಡೆಗೆ ವಾಲಿತ್ತು, ನಿಜ. ಆದರೆ ಬಾಂಡು, ಬಡ್ಡಿ ಅಂದರೆ ದೂರ ಓಡುತ್ತಿದ್ದ ಜನ ಅದನ್ನು ನೋಡಿ ಸಾಲದ ಬಗ್ಗೆ ಮಾತಾಡತೊಡಗಿದರು.

ಈಗ 2015. ಜನವರಿ 25ರ ಚುನಾವಣೆಯಲ್ಲಿ ಎಡಪಂಥೀಯ ಸಿರಿಜಾ ಪಕ್ಷ 300ರಲ್ಲಿ 149 ಸ್ಥಾನ ಗೆದ್ದು, ಒಂದು ಸಣ್ಣ ಬಲಪಂಥೀಯ ಪಕ್ಷದ ಕೈಹಿಡಿದು ಸರ್ಕಾರ ಮಾಡಿತು. ಅಲೆಕ್ಸಿಸ್ ಸಿಪ್ರಾಸ್ ಪ್ರಧಾನಿ. ಫೆಬ್ರುವರಿ 4ಕ್ಕೇ ಯುರೋಪಿಯನ್ ಸೆಂಟ್ರಲ್ ಬ್ಯಾಂಕ್, ಗ್ರೀಸ್ ಸರ್ಕಾರದ ಬಾಂಡ್‌ಗಳನ್ನು ಸಾಮಾನ್ಯ ಸಾಲಕ್ಕೆ ಅಡವಾಗಿ ಇಟ್ಟುಕೊಳ್ಳುವುದನ್ನು ನಿಲ್ಲಿಸುತ್ತೇವೆ ಎಂದು ಹೇಳಿತು. ಮಾತುಕತೆ ಶುರುವಾಗುವ ಮೊದಲೇ ಕುತ್ತಿಗೆಗೆ ಕೈ. ಮುಂದಿನ ಐದು ತಿಂಗಳು ಸಭೆ, ಮತ್ತೆ ಸಭೆ. ಜೂನ್ 18ರ ಸಭೆ ಮುರಿದಾಗ ನಿಧಿಯ ಮುಖ್ಯಸ್ಥೆ ಕ್ರಿಸ್ಟೀನ್ ಲಗಾರ್ಡ್, ಈಗ ತುರ್ತಾಗಿ ಬೇಕಿರುವುದು ಕೋಣೆಯಲ್ಲಿ ಬುದ್ಧಿ ಬಲಿತ ದೊಡ್ಡವರೊಂದಿಗೆ ಮಾತುಕತೆ ಎಂಬರ್ಥದ ಮಾತಾಡಿದರು. ವರುಫಾಕಿಸ್ ತಮ್ಮ 2017ರ ಪುಸ್ತಕಕ್ಕೆ ಹೆಸರಿಟ್ಟದ್ದು ಆ ಮಾತಿನಿಂದಲೇ. ಸಿನಿಮಾದ ಹೆಸರೂ ಅಲ್ಲಿಂದ ಬಂತು.

ಜೂನ್ 27ಕ್ಕೆ ಸಿಪ್ರಾಸ್, ಸಾಲ ಕೊಟ್ಟವರ ಷರತ್ತುಗಳನ್ನು ಒಪ್ಪಬೇಕೇ ಎಂದು ಜನರನ್ನೇ ಕೇಳುವ ಜನಮತಗಣನೆ ಘೋಷಿಸಿದರು. ಅವತ್ತಿನ ಯೂರೋಗ್ರೂಪ್ ಸಭೆಯಲ್ಲಿ ಗ್ರೀಸನ್ನು ಬಿಟ್ಟು ಉಳಿದವರು ಹೇಳಿಕೆ ಹೊರಡಿಸಲು, ಗ್ರೀಸ್ ಇಲ್ಲದೆಯೇ ಸೇರಲು ಹೊರಟಾಗ, ಹಾಗೆ ಮಾಡಲು ನಿಯಮ ಇದೆಯೇ ಎಂದು ವರುಫಾಕಿಸ್ ಕೇಳಿದರಂತೆ. ಯೂರೋಗ್ರೂಪ್ ಒಂದು ಅನೌಪಚಾರಿಕ ಕೂಟ, ಅದಕ್ಕೆ ಲಿಖಿತ ನಿಯಮ ಇಲ್ಲ ಅಂತ ಉತ್ತರ ಬಂತು ಎಂದು ಅವರೇ ಬರೆದಿದ್ದಾರೆ. ಆಗ ಹತ್ತೊಂಬತ್ತು ದೇಶಗಳ ಕೋಟ್ಯಂತರ ಜನರ ಬದುಕು ತೀರ್ಮಾನ ಮಾಡುತ್ತಿದ್ದ ಸಭೆ. ಅಲ್ಲಿ ಯಾರು ಏನು ಅಂದರು ಅಂತ ಜನ ಓದಬಹುದಾದ ನಡಾವಳಿ ಇಲ್ಲ. ಮತ ಹಾಕಿದವರಿಗೆ ಗೊತ್ತಾಗಬೇಕಲ್ವಾ? ವರುಫಾಕಿಸ್ ಸಭೆಗಳನ್ನು ಗುಟ್ಟಾಗಿ ಧ್ವನಿಮುದ್ರಿಸಿಕೊಂಡಿದ್ದರು. ಅದು ಸರಿಯಾ ತಪ್ಪಾ ಅಂತ ಜಗಳ ಇದೆ. ನಾನಂತೂ ಸರಿ ಅನ್ನುವ ಕಡೆ.

ಜೂನ್ 29ರಿಂದ ಬ್ಯಾಂಕ್ ಬಂದ್. ಎಟಿಎಂನಲ್ಲಿ ದಿನಕ್ಕೆ 60 ಯೂರೋ ಮಾತ್ರ. ಕಾರ್ಡ್ ಇಲ್ಲದ ವಯಸ್ಸಾದವರು ಪಿಂಚಣಿಗಾಗಿ ಬ್ಯಾಂಕಿನ ಮುಚ್ಚಿದ ಬಾಗಿಲ ಮುಂದೆ ಸಾಲುಗಟ್ಟಿ ನಿಂತರು. ಅಷ್ಟಾದರೂ ಜುಲೈ 5ರಂದು ಶೇ 61.3 ಮಂದಿ 'ಓಹಿ' ಎಂದರು. ಓಹಿ ಅಂದರೆ ಇಲ್ಲ. 1940ರಲ್ಲಿ ಮುಸೊಲಿನಿಗೆ ಗ್ರೀಸ್ ಕೊಟ್ಟ ಉತ್ತರವನ್ನು ನೆನೆದು ಪ್ರತಿ ಅಕ್ಟೋಬರ್ 28ಕ್ಕೆ ರಜೆ ಆಚರಿಸುವ ದೇಶದಲ್ಲಿ ಆ ಶಬ್ದದ ತೂಕವೇ ಬೇರೆ. ಮರುದಿನ ಬೆಳಿಗ್ಗೆ ವರುಫಾಕಿಸ್ ರಾಜೀನಾಮೆ ಕೊಟ್ಟರು. ಒಂದೇ ವಾರದಲ್ಲಿ, ಬ್ರಸೆಲ್ಸ್‌ನಲ್ಲಿ ಸುಮಾರು 17 ಗಂಟೆ ರಾತ್ರಿಯಿಡೀ ನಡೆದ ಸಭೆಯ ಕೊನೆಗೆ, ಸಿಪ್ರಾಸ್ ಮೂರನೇ ಸಾಲಕ್ಕೆ ಒಪ್ಪಿದರು. 86 ಶತಕೋಟಿ ಯೂರೋವರೆಗೆ.

ಕೋಸ್ಟಾ-ಗಾವ್ರಾಸ್‌ಗೆ ರಾಜಕೀಯ ಸಿನಿಮಾ ಹೊಸದಲ್ಲ. 1963ರಲ್ಲಿ ಥೆಸಲೊನಿಕಿಯಲ್ಲಿ ಸಂಸದ ಲಂಬ್ರಾಕಿಸ್ ಕೊಲೆಯಾದದ್ದರ ಮೇಲೆ 1969ರಲ್ಲಿ 'ಝಡ್' ಮಾಡಿದವರು ಅವರು. ಗ್ರೀಸ್‌ನಲ್ಲಿ ಆಗ ಸೇನೆಯ ಆಳ್ವಿಕೆ, ಹಾಗಾಗಿ ಚಿತ್ರೀಕರಣ ಅಲ್ಜೀರಿಯಾದಲ್ಲಿ. ಅಲ್ಲಿ ಕೊಲೆ ಇತ್ತು, ತನಿಖೆ ಇತ್ತು, ಓಟ ಇತ್ತು. ಇಲ್ಲಿ ಇರುವುದು ಕರಡು ಹೇಳಿಕೆಯ ಮೇಲೆ ಜಗಳ. ಯಾವ ಪದ ಉಳಿಯಬೇಕು, ಯಾವುದು ಹೋಗಬೇಕು. ಅವರು ಅದನ್ನು ಅಡಗಿಸಲಿಲ್ಲ. ಪದದ ಮೇಲಿನ ಜಗಳವನ್ನೇ ನಾಟಕ ಮಾಡಿದರು. ಕ್ರಿಸ್ಟೋಸ್ ಲುಲಿಸ್ ವರುಫಾಕಿಸ್ ಆಗಿ, ಉಲ್ರಿಚ್ ಟುಕುರ್ ಜರ್ಮನಿಯ ಮಂತ್ರಿ ವುಲ್ಫ್‌ಗಾಂಗ್ ಷಾಯ್ಬ್ಲ ಆಗಿ ಎದುರುಬದುರು ಕೂತಾಗ ಕೋಣೆಯಲ್ಲಿ ಗಾಳಿ ಕಡಿಮೆಯಾದ ಹಾಗೆ ಅನಿಸುತ್ತದೆ. ಕೊನೆಯಲ್ಲಿ ವಾಸ್ತವವನ್ನೇ ಬಿಟ್ಟುಬಿಡುತ್ತಾರೆ. ಯುರೋಪಿನ ನಾಯಕರೆಲ್ಲ ನೃತ್ಯದ ಹೆಜ್ಜೆಯಲ್ಲಿ ಸಿಪ್ರಾಸ್‌ನ ಸುತ್ತ ಸುತ್ತುತ್ತಾ ಅವರನ್ನು ಒತ್ತರಿಸುತ್ತಾರೆ. ಆ 17 ಗಂಟೆಯನ್ನು ಮಾತಿನಲ್ಲಿ ತೋರಿಸಿದ್ದರೆ ಇಷ್ಟು ನಾಟುತ್ತಿರಲಿಲ್ಲ.

ಆದರೆ ಈ ಚಿತ್ರದ ಬಗ್ಗೆ ನನಗೆ ದೂರೂ ಇದೆ. ನಾವು ಎಲ್ಲವನ್ನೂ ಒಬ್ಬ ಮನುಷ್ಯನ ಕಣ್ಣಲ್ಲೇ ನೋಡುತ್ತೇವೆ, ಆ ಮನುಷ್ಯನದೇ ಪುಸ್ತಕ. ಸಿಪ್ರಾಸ್ ಯಾಕೆ ಒಪ್ಪಿದರು, ಯೂರೋ ಬಿಟ್ಟಿದ್ದರೆ ಔಷಧಿ, ಇಂಧನದ ಗತಿ ಏನಾಗುತ್ತಿತ್ತು ಎಂಬ ಭಯಕ್ಕೆ ಅಲ್ಲಿ ಸರಿಯಾದ ಜಾಗ ಸಿಗಲಿಲ್ಲ. ಬಡ ದೇಶವಾದ ಸ್ಲೊವಾಕಿಯಾದ ಮಂತ್ರಿ ಯಾಕೆ ಗ್ರೀಸ್ ವಿರುದ್ಧ ಅಷ್ಟು ಕಟುವಾಗಿದ್ದರು? ಅವರ ದೇಶದಲ್ಲಿ ಪಿಂಚಣಿ ಇನ್ನೂ ಕಡಿಮೆ ಇತ್ತು. ಆ ವಾದ ತೆರೆಯ ಮೇಲೆ ಬಂದಿದ್ದರೆ ಚಿತ್ರ ಇನ್ನೂ ಗಟ್ಟಿಯಾಗುತ್ತಿತ್ತು.

ಬೇರೆಯವರು ಬೇರೆ ದಾರಿ ಹಿಡಿದಿದ್ದಾರೆ. ಅರ್ಜೆಂಟೀನಾದಲ್ಲಿ 2001ರ ಡಿಸೆಂಬರ್‌ನಲ್ಲಿ ಸರ್ಕಾರ ವಾರಕ್ಕೆ 250 ಪೆಸೊ ಮಾತ್ರ ತೆಗೆಯಬಹುದು ಎಂದಿತು, ಜನ ಪಾತ್ರೆ ಬಡಿಯುತ್ತಾ ಬೀದಿಗೆ ಬಂದರು, ಅಧ್ಯಕ್ಷ ಹೆಲಿಕಾಪ್ಟರ್ ಹತ್ತಿ ಹೋದರು. ಅದರ ಮೇಲೆ 2019ರಲ್ಲಿ ಬಂದ 'ಲಾ ಒದಿಸೆಯಾ ದೆ ಲೋಸ್ ಹಿಲೆಸ್' ಚಿತ್ರದಲ್ಲಿ ಒಬ್ಬ ಮಂತ್ರಿಯೂ ಮುಖ್ಯನಲ್ಲ. ಒಂದು ಸಣ್ಣ ಊರಿನವರು ಕೂಡಿಟ್ಟ ದುಡ್ಡು ಬ್ಯಾಂಕಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ, ಅವರೇ ಸೇರಿ ಅದನ್ನು ವಾಪಸ್ ಕದಿಯಲು ಹೊರಡುತ್ತಾರೆ. ಮಾಲಿ ದೇಶದ ಮೇಲಿನ 'ಬಮಾಕೊ' (2006) ಚಿತ್ರದಲ್ಲಿ ಅಬ್ದೆರ್ರಹಮಾನ್ ಸಿಸಾಕೊ ಒಂದು ವಠಾರದ ಅಂಗಳದಲ್ಲೇ ಕೋರ್ಟ್ ಕೂರಿಸಿ ವಿಶ್ವಬ್ಯಾಂಕ್ ಮತ್ತು ಹಣಕಾಸು ನಿಧಿಯನ್ನು ಕಟಕಟೆಗೆ ತರುತ್ತಾರೆ. ವಕೀಲರು ನಿಜವಾದ ವಕೀಲರು. ಪಕ್ಕದಲ್ಲೇ ಹೆಂಗಸರು ಬಟ್ಟೆಗೆ ಬಣ್ಣ ಹಾಕುತ್ತಿರುತ್ತಾರೆ, ನಡುವೆ ಮದುವೆ ದಿಬ್ಬಣ ಬರುತ್ತದೆ. ಕೋಣೆಯ ಮಾತನ್ನು ಅಂಗಳಕ್ಕೆ ತಂದ ಆ ಯೋಚನೆ ನನಗೆ ಎಲ್ಲಕ್ಕಿಂತ ಇಷ್ಟ.

ನಮ್ಮಲ್ಲೂ 1991ರ ಜುಲೈನಲ್ಲಿ ರಿಸರ್ವ್ ಬ್ಯಾಂಕ್ ಸುಮಾರು 47 ಟನ್ ಚಿನ್ನವನ್ನು ವಿಮಾನದಲ್ಲಿ ಕಳಿಸಿ ಅಡವಿಟ್ಟು ಡಾಲರ್ ತಂದಿತ್ತು. ಮದುವೆಗೋ ಆಸ್ಪತ್ರೆಗೋ ಬಳೆ, ಸರ ಅಡವಿಟ್ಟ ಮನೆಗಳಿಗೆ ಆ ಸುದ್ದಿ ಅರ್ಥವಾಗಲು ಅರ್ಥಶಾಸ್ತ್ರ ಬೇಕಾಗಲಿಲ್ಲ.

2020ರ ಮಾರ್ಚ್‌ನಲ್ಲಿ ವರುಫಾಕಿಸ್ ತಮ್ಮ ಧ್ವನಿಮುದ್ರಣಗಳನ್ನು ಇಂಟರ್ನೆಟ್‌ಗೆ ಹಾಕಿದರು. ನಟರ ಬಾಯಲ್ಲಿ ಕೇಳಿದ್ದ ಸಭೆಗಳನ್ನು ಈಗ ಅಸಲಿ ದನಿಗಳಲ್ಲೇ ಕೇಳಬಹುದು. ಸಿನಿಮಾದ ಕಥೆ 2015ರ ಜುಲೈಗೆ ನಿಂತುಬಿಡುತ್ತದೆ. ಸಾಲದ ಕಾಗದ ನಿಂತಿಲ್ಲ. 2018ರ ಆಗಸ್ಟ್ 20ಕ್ಕೆ ಗ್ರೀಸ್ ಮೂರನೇ ಕಾರ್ಯಕ್ರಮದಿಂದ ಹೊರಬಂದಿತು, ಮರುದಿನ ಸಿಪ್ರಾಸ್ ಇಥಾಕಾ ದ್ವೀಪದಲ್ಲಿ ನಿಂತು ಭಾಷಣ ಮಾಡಿದರು, ಹಿಂದೆ ಮತ್ತೆ ಅದೇ ನೀಲಿ ನೀರು. ಆದರೆ ಅದೇ ವರ್ಷದ ಜೂನ್‌ನಲ್ಲಿ, ಅದೇ ಯೂರೋಗ್ರೂಪ್‌ನಲ್ಲಿ, ಬಡ್ಡಿ ಬಿಟ್ಟು ಲೆಕ್ಕ ಹಾಕಿದರೆ 2022ರವರೆಗೆ ಪ್ರತಿವರ್ಷ ಜಿಡಿಪಿಯ ಶೇ 3.5, ಆಮೇಲೆ ಸರಾಸರಿ ಶೇ 2.2 ಉಳಿಸುತ್ತೇವೆ ಎಂದು ಗ್ರೀಸ್ ಮಾತು ಕೊಟ್ಟಿತ್ತು. ಆ ಮಾತಿನ ಅವಧಿ 2060ರವರೆಗೆ ಇದೆ.