ಬೆಲ್ಟಿನೊಳಗಿನ ರೋಮ: ರಬ್ಬರಿಗೆ ನಾರು ಸೇರಿದ ಕತೆ

ಕಳೆದ ತಿಂಗಳು ಉಡುಪಿಯ ಕಲ್ಸಂಕದ ಹತ್ತಿರದ ಗ್ಯಾರೇಜೊಂದರಲ್ಲಿ ಕಾರಿನ ಫ್ಯಾನ್ ಬೆಲ್ಟ್ ಬದಲಾಯಿಸಿದೆ. ನನ್ನದು ಹಳೇ ಕಾರು, ಇನ್ನೂ ವಿ ಆಕಾರದ ಬೆಲ್ಟು. ತೆಗೆದ ಬೆಲ್ಟನ್ನು ಸುಮ್ನೆ ಕೈಗೆತ್ತಿಕೊಂಡು ನೋಡಿದೆ. ಪುಲ್ಲಿಗೆ ಉಜ್ಜುವ ಬದಿಯ ಮೇಲೆ ಬೆರಳಾಡಿಸಿದರೆ ಎರಡು ದಿನದ ಗಡ್ಡ ಮುಟ್ಟಿದ ಹಾಗೆ. ಬಿಸಿಲಿಗೆ ಹಿಡಿದರೆ ಸಣ್ಣ ಸಣ್ಣ ರೋಮ.

"ಹಳೇದಾಗಿ ನೂಲು ಬಿಟ್ಟದ್ದಾ?" ಅಂತ ಕೇಳಿದೆ. ಮೆಕ್ಯಾನಿಕ್ ಹೊಸ ಬೆಲ್ಟನ್ನೇ ಕೈಗೆ ಕೊಟ್ಟರು. "ಇದ್ರಲ್ಲೂ ಉಂಟು ನೋಡಿ. ಕಂಪನಿಯಿಂದಲೇ ಹಾಗೆ ಬರ್ತದೆ."

ಹೌದು, ಬೇಕಂತಲೇ ಹಾಕಿದ ನಾರು ಅದು. ಒಂದೆರಡು ಮಿಲಿಮೀಟರ್ ಉದ್ದದ ತುಂಡುಗಳನ್ನು ರಬ್ಬರಿನ ಒಳಗೆ ಬೆರೆಸಿ, ಎಲ್ಲವೂ ಅಡ್ಡಕ್ಕೆ ಮಲಗುವ ಹಾಗೆ ಮಾಡಿರುತ್ತಾರೆ. ಬೆಲ್ಟನ್ನು ಉದ್ದಕ್ಕೆ ಬಗ್ಗಿಸಿದರೆ ಸಲೀಸಾಗಿ ಬಗ್ಗುತ್ತದೆ. ಬದಿಗಳನ್ನು ಹಿಂಡಿದರೆ ಜಪ್ಪಯ್ಯ ಅಂದರೂ ಜಗ್ಗುವುದಿಲ್ಲ. ಪುಲ್ಲಿಯ ಸುತ್ತ ತಿರುಗಬೇಕು, ಆದರೆ ಅದರ ಬಾಯೊಳಗೆ ಸಿಕ್ಕಿ ಚಪ್ಪಟೆಯಾಗಬಾರದು. ಒಂದೇ ವಸ್ತುವಿಗೆ ಎರಡು ಸ್ವಭಾವ. ಇಷ್ಟು ಮಾಡಲು ಸುಮಾರು ನೂರು ವರ್ಷ ಹಿಡಿಯಿತು.

ಬರೀ ರಬ್ಬರು ಕೆಲಸಕ್ಕೆ ಬಾರದ ವಸ್ತು. ಬಿಸಿಲಿಗೆ ಅಂಟು, ಚಳಿಗೆ ಗಟ್ಟಿ. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಗಂಧಕ ಹಾಕಿ ಬಿಸಿ ಮಾಡಿ ಆ ರೋಗಕ್ಕೆ ಮದ್ದು ಹುಡುಕಿದರು. ರಬ್ಬರು ಎಳೆದಷ್ಟು ಹಿಗ್ಗಿ ವಾಪಸು ಬರತೊಡಗಿತು. ಆದರೆ ಹಿಗ್ಗಬಾರದ ಕಡೆಯೂ ಹಿಗ್ಗುತ್ತಿತ್ತು. 1888ರಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟಯರ್ ಮಾಡಿದಾಗ ಒಳಗಿನ ಟ್ಯೂಬನ್ನು ಹದ್ದುಬಸ್ತಿನಲ್ಲಿಟ್ಟದ್ದು ಸುತ್ತಿದ ಬಟ್ಟೆ. ಹೀಗೆ ರಬ್ಬರು ಮತ್ತು ನಾರಿನ ನೆಂಟಸ್ತಿಕೆ ಶುರುವಾಯಿತು.

ಮೊದಮೊದಲು ಟಯರಿಗೆ ಹಾಕುತ್ತಿದ್ದದ್ದು ಮಾಮೂಲಿ ನೇಯ್ಗೆಯ ಕ್ಯಾನ್ವಾಸ್. ಅದರಲ್ಲಿ ಉದ್ದದ ನೂಲು, ಅಡ್ಡದ ನೂಲು ಒಂದಕ್ಕೊಂದು ಉಜ್ಜಿ ಗರಗಸದ ಹಾಗೆ ಕೊಯ್ದುಕೊಳ್ಳುತ್ತಿದ್ದವು. ಆಮೇಲೆ ಅಡ್ಡ ನೂಲನ್ನು ಹೆಚ್ಚುಕಮ್ಮಿ ಬಿಟ್ಟು, ಬರೀ ಹುರಿಗಳನ್ನು ಸಾಲಾಗಿ ಜೋಡಿಸಿ ರಬ್ಬರಿನಲ್ಲಿ ಹುದುಗಿಸುವ ರೂಢಿ ಬಂತು. 1904ರ ಸುಮಾರಿಗೆ ಇಂಗ್ಲೆಂಡಿನ ಸಿಲ್ವರ್‌ಟೌನಿನಲ್ಲಿ ಮಸಿಪುಡಿ ಸೇರಿಸಿದರೆ ರಬ್ಬರು ಸವೆಯುವುದು ಕಡಿಮೆ ಅಂತ ಗೊತ್ತಾಯಿತು. ಟಯರು ಕಪ್ಪಾಗಿರುವುದು ಅದಕ್ಕೇ.

ಪುಡಿಯನ್ನು ಮಿಲ್ಲಿನಲ್ಲಿ, ಅಂದರೆ ರಬ್ಬರು ಅರೆಯುವ ರೋಲರುಗಳ ನಡುವೆ, ಬೆರೆಸಿದರೆ ಮುಗಿಯಿತು. ಹುರಿ ಹಾಗಲ್ಲ. ನೂಲಬೇಕು, ಜೋಡಿಸಬೇಕು, ಸುತ್ತಬೇಕು. ನಾರನ್ನೇ ತುಂಡು ಮಾಡಿ ಪುಡಿಯ ಹಾಗೆ ಬೆರೆಸಿದರೆ? ಅಗ್ಗವೂ ಆಯಿತು, ಸಲೀಸೂ ಆಯಿತು ಅಲ್ವಾ?

ಸುಲಭವೇನೂ ಆಗಲಿಲ್ಲ. ಸಮಸ್ಯೆ ಅಂಟಿನದ್ದು.

ನಮ್ಮಲ್ಲಿ ಹಲಸು ಕೊಯ್ಯುವ ಮೊದಲು ಕೈಗೂ ಕತ್ತಿಗೂ ತೆಂಗಿನೆಣ್ಣೆ ಸವರುತ್ತಾರೆ. ಮೇಣ ಅಂಟಬಾರದು ಅಂತ. ತೆಂಗಿನ ನಾರಿನ ಮೈ ಹುಟ್ಟುವಾಗಲೇ ಹಾಗೆ ಎಣ್ಣೆ ಸವರಿಕೊಂಡು ಬಂದಿರುತ್ತದೆ. ಅದರ ಹೊರಪದರ ಮೇಣದಂಥದ್ದು. ಅದನ್ನು ಕಾಸ್ಟಿಕ್ ಸೋಡಾ ನೀರಿನಲ್ಲಿ ತೊಳೆದು ತೆಗೆದರೆ ಒಳಗಿರುವುದು ಸೆಲ್ಯುಲೋಸ್, ಲಿಗ್ನಿನ್. ಸೆಲ್ಯುಲೋಸಿಗೆ ನೀರು ಇಷ್ಟ, ರಬ್ಬರಿಗೆ ಆಗದು. ಹಿಡಿತ ಇಲ್ಲದಿದ್ದರೆ ಎಳೆದಾಗ ತುಂಡು ನಾರು ಸಲೀಸಾಗಿ ಜಾರಿ ಹೊರಬರುತ್ತದೆ. ಉದ್ದದ ಹುರಿಯನ್ನು ಎರಡು ತುದಿಯಲ್ಲಿ ಕಟ್ಟಿಹಾಕಬಹುದು. ತುಂಡಿಗೆ ತುದಿ ಕಟ್ಟುವವರಿಲ್ಲ. ಅದರ ಮೈಗೆ ರಬ್ಬರು ಎಷ್ಟು ಅಂಟಿದೆಯೋ ಅಷ್ಟೇ ಭಾರ ಹೊರುತ್ತದೆ. ಹಾಗಾಗಿ ದಪ್ಪಕ್ಕೆ ತಕ್ಕ ಉದ್ದವೂ ಬೇಕು. ಈ ಲೆಕ್ಕವನ್ನು 1952ರಲ್ಲಿ ಕಾಕ್ಸ್, 1965ರಲ್ಲಿ ಕೆಲ್ಲಿ ಮತ್ತು ಟೈಸನ್ ಸೂತ್ರದಲ್ಲಿ ಹಿಡಿದಿಟ್ಟರು. ರಬ್ಬರಿನವರು ನೂರು–ಇನ್ನೂರು ಪಟ್ಟು ಉದ್ದ ಇದ್ದರೆ ಒಳ್ಳೇದು ಅನ್ನುತ್ತಾರೆ.

ಇನ್ನೊಂದು ವಿಚಿತ್ರ ಉಂಟು. ನೈಸರ್ಗಿಕ ರಬ್ಬರಿಗೆ ಸ್ವಲ್ಪವೇ ನಾರು ಹಾಕಿದರೆ ಅದು ಗಟ್ಟಿಯಾಗುವುದಿಲ್ಲ, ಇದ್ದ ಶಕ್ತಿಯನ್ನೂ ಕಳೆದುಕೊಳ್ಳುತ್ತದೆ! ಎಳೆದಾಗ ಈ ರಬ್ಬರಿನ ಅಣುಸರಪಳಿಗಳು ಸಾಲಾಗಿ ನಿಂತು ಹರಳುಗಟ್ಟಿ ತಮ್ಮನ್ನು ತಾವೇ ಬಿಗಿ ಮಾಡಿಕೊಳ್ಳುತ್ತವೆ. ಅಲ್ಲಲ್ಲಿ ಸಿಕ್ಕ ನಾಲ್ಕು ನಾರು ಆ ಸಾಲನ್ನು ಕೆಡಿಸುತ್ತದೆ. ಇನ್ನೂ ಜಾಸ್ತಿ ಹಾಕುತ್ತಾ ಹೋದರೆ ಒಂದು ಹಂತದ ನಂತರ ನಾರುಗಳೇ ಭಾರ ಹೊರಲು ಶುರುಮಾಡಿ ಶಕ್ತಿ ಮತ್ತೆ ಏರುತ್ತದೆ. ಆದರೆ ಐದಾರು ಪಟ್ಟು ಹಿಗ್ಗುತ್ತಿದ್ದ ರಬ್ಬರು ಆ ಹೊತ್ತಿಗೆ ಹಿಗ್ಗುವುದನ್ನೇ ಮರೆತಿರುತ್ತದೆ.

ಅಂಟಿನ ಸಮಸ್ಯೆಗೆ ಮೊದಲ ಉತ್ತರ ಬಂದದ್ದು ಟಯರ್ ಹುರಿಗಾಗಿ. ಹತ್ತಿ ನೂಲಿನ ಮೈಯ ಜುಂಗಿಗೆ ರಬ್ಬರು ಕಚ್ಚಿಕೊಳ್ಳುತ್ತಿತ್ತು. ರೇಯಾನ್, ನೈಲಾನ್ ನುಣುಪು. 1930ರ ದಶಕದಲ್ಲಿ ರಿಸಾರ್ಸಿನಾಲ್, ಫಾರ್ಮಾಲ್ಡಿಹೈಡ್ ಎಂಬ ರಾಸಾಯನಿಕಗಳು ಮತ್ತು ಲೇಟೆಕ್ಸ್ (ರಬ್ಬರು ಹಾಲು) ಸೇರಿಸಿದ ದ್ರಾವಣದಲ್ಲಿ ಹುರಿ ಅದ್ದುವುದು ಬಂತು. ತುಂಡು ನಾರಿಗೆ ಅದ್ದುವ ಕೆಲಸ ಕಿರಿಕಿರಿ. ಅದಕ್ಕೆ ರಿಸಾರ್ಸಿನಾಲ್, ಹೆಕ್ಸಾ (ಬಿಸಿಗೆ ಫಾರ್ಮಾಲ್ಡಿಹೈಡ್ ಬಿಡುವ ಪುಡಿ), ಸಿಲಿಕಾ ಮೂರನ್ನೂ ರಬ್ಬರಿಗೇ ಬೆರೆಸಿ, ಬೇಯುವಾಗ ಅಂಟು ಅಲ್ಲೇ ಹುಟ್ಟುವ ಹಾಗೆ ಮಾಡಿದರು. ನನ್ನ ಪ್ರಕಾರ ಈ ಇಡೀ ಕತೆಯಲ್ಲಿ ನಿಜವಾದ ಜಾಣತನ ಇದು.

1970ರ ದಶಕದಲ್ಲಿ ಅಮೆರಿಕದ ಮಾನ್ಸಾಂಟೊ ಕಂಪನಿ ಮರದ ನಾರನ್ನೇ ಹದ ಮಾಡಿ 'ಸ್ಯಾಂಟೊವೆಬ್' ಅಂತ ಮಾರಿತು. ಮರದ ನಾರು ಯಾಕೆ? ಗಾಜಿನ ನಾರು ಮಿಲ್ಲಿಗೆ ಹೋದರೆ ಪುಡಿಪುಡಿ. ಸೆಲ್ಯುಲೋಸ್ ಬಗ್ಗುತ್ತದೆ, ಅಷ್ಟು ಬೇಗ ತುಂಡಾಗುವುದಿಲ್ಲ.

ಮಾನ್ಸಾಂಟೊದವರ ತಲೆನೋವು ರಬ್ಬರ್ ಪೈಪಿನದ್ದು. ಸೇಮಿಗೆ ಒತ್ತುವ ಮಣೆ ನೆನಪು ಮಾಡಿಕೊಳ್ಳಿ. ತೂತಿನಿಂದ ಹಿಂಡಿದಾಗ ಒಳಗಿರುವ ನಾರು ಉದ್ದಕ್ಕೆ ಮಲಗುತ್ತದೆ. ಆದರೆ ಅಡಕೆ ತೋಟಕ್ಕೆ ನೀರು ಬಿಡುವವರಿಗೆ ಗೊತ್ತು, ಒತ್ತಡ ಜಾಸ್ತಿಯಾದರೆ ಪೈಪು ಉದ್ದಕ್ಕೆ ಸೀಳುತ್ತದೆ. ಸುತ್ತಿನ ದಿಕ್ಕಿನ ಎಳೆತ ಉದ್ದದ ಎಳೆತಕ್ಕಿಂತ ಎರಡು ಪಟ್ಟು. ಅಂದರೆ ನಾರು ಬಳೆಯ ಹಾಗೆ ಸುತ್ತಲೂ ಮಲಗಬೇಕು. ಹಾಗಾಗಿ ಹೊರಬರುವಾಗ ಅಗಲವಾಗುತ್ತಾ ಹೋಗುವ ಅಚ್ಚು ಮಾಡಿದರು. ರಬ್ಬರು ಸುತ್ತಲೂ ಹಿಗ್ಗುವಾಗ ನಾರೂ ತಿರುಗಿ ಅಡ್ಡ ಮಲಗುತ್ತದೆ. ಬೆಲ್ಟಿನವರ ಉಪಾಯ ಇನ್ನೂ ಸರಳ. ಮಿಲ್ಲಿನಿಂದ ಬಂದ ಹಾಳೆಯಲ್ಲಿ ನಾರು ಉದ್ದಕ್ಕೆ ಮಲಗಿರುತ್ತದೆ, ಅದನ್ನು ಕತ್ತರಿಸಿ, ಅಡ್ಡ ತಿರುಗಿಸಿ ಜೋಡಿಸಿದರಾಯಿತು.

ಭಾರತದಲ್ಲಿ ಈ ವಿಷಯ ಹಿಡಿದವರಲ್ಲಿ ಐಐಟಿ ಖರಗ್‌ಪುರದ ಎಸ್. ಕೆ. ಡೇ ಮೊದಲಿಗರ ಸಾಲಿನವರು. 1980ರ ದಶಕದಲ್ಲಿ ಅವರ ಗುಂಪು ಸೆಣಬು ತುಂಡು ಮಾಡಿ ರಬ್ಬರಿಗೆ ಬೆರೆಸಿತು. 1990ರ ದಶಕದಲ್ಲಿ ಕೊಟ್ಟಾಯಂನ ಮಹಾತ್ಮ ಗಾಂಧಿ ವಿಶ್ವವಿದ್ಯಾಲಯದಲ್ಲಿ ಸಾಬು ಥಾಮಸ್ ಮತ್ತು ಜೊತೆಗಾರರು ತೆಂಗಿನ ನಾರು ಹಿಡಿದರು. ಸುಮಾರು 10 ಮಿ.ಮೀ. ಉದ್ದಕ್ಕೆ ಕತ್ತರಿಸಿ, ಕಾಸ್ಟಿಕ್‌ನಲ್ಲಿ ತೊಳೆದು, ಅಂಟು ಸೇರಿಸಿದರೆ ಹಿಡಿತ ಚೆನ್ನಾಗಿ ಬರುತ್ತದೆ ಅಂತ ತೋರಿಸಿದರು.

ಇಲ್ಲಿ ನಮ್ಮ ಕರಾವಳಿ ಬರುತ್ತದೆ. ಸುಳ್ಯ, ಪುತ್ತೂರು, ಬೆಳ್ತಂಗಡಿಯಲ್ಲಿ ರಬ್ಬರು. ಶ್ರೀಲಂಕಾದಿಂದ ಬಂದ ತಮಿಳರಿಗೆ ಕೆಲಸ ಕೊಡಲು ಅರಣ್ಯ ಅಭಿವೃದ್ಧಿ ನಿಗಮ ಮಾಡಿದ ತೋಟಗಳೂ ಅಲ್ಲೇ ಇವೆ. ತೆಂಗು ಮನೆಮನೆಯಲ್ಲಿ. ಎರಡನ್ನೂ ಸೇರಿಸುವ ಕೆಲಸ ಇಲ್ಲಿನವರೇ ಬೇಗ ಮಾಡಿದ್ದರು, ಆದರೆ ತಲೆಕೆಳಗಾಗಿ. 1962ರಲ್ಲಿ ಮಣಿಪಾಲ ಗ್ರೂಪ್ ಶುರುಮಾಡಿದ ಕರ್ಲಾನ್ ಹಾಸಿಗೆಯಲ್ಲಿ ನಾರೇ ಯಜಮಾನ, ರಬ್ಬರು ಬರೀ ಅಂಟು. ಇಂಥ ಹಾಸಿಗೆಗೆ ನಾರನ್ನು ಹುರಿ ಮಾಡಿ, ಸುರುಳಿ ಕಟ್ಟುವ ಹಾಗೆ ಹದ ಮಾಡಿ, ಬಿಚ್ಚಿ ಹರಡಿ ಲೇಟೆಕ್ಸ್ ಸಿಂಪಡಿಸಿ ಬೇಯಿಸುತ್ತಾರೆ. ಸ್ಪ್ರಿಂಗಿನ ಕೆಲಸ ಮಾಡುವುದು ನಾರಿನ ಸುರುಳಿ.

ಹಾಗಾದರೆ ನಮ್ಮ ನಾರು ಬೆಲ್ಟಿಗೆ ಆಗುವುದಿಲ್ಲವಾ? ಆಗುವುದು ಕಷ್ಟ ಅಂತ ನನ್ನ ಅನಿಸಿಕೆ. ತೆಂಗಿನ ನಾರು ದಪ್ಪ, 0.1ರಿಂದ 0.4 ಮಿ.ಮೀ. 10 ಮಿ.ಮೀ. ಉದ್ದ ಇಟ್ಟುಕೊಂಡರೂ ಆ ನೂರು ಪಟ್ಟಿನ ಲೆಕ್ಕಕ್ಕೆ ಹೆಚ್ಚಿನವು ಮುಟ್ಟುವುದಿಲ್ಲ. ಕೊಟ್ಟಿಗೆಯ ಮ್ಯಾಟು, ಕಾಲೊರಸು, ಮಷೀನಿನ ಅಡಿಗೆ ಹಾಕುವ ಪ್ಯಾಡು ಇಂಥವಕ್ಕೆ ಅದು ಸರಿ. ಬೆಲ್ಟಿನಲ್ಲಿ ಈಗ ಹತ್ತಿ, ನೈಲಾನ್, ಮತ್ತು ದುಬಾರಿ ಬೆಲ್ಟಾದರೆ ಕೆವ್ಲಾರ್ ಜಾತಿಯ ಅರಾಮಿಡ್ ಎಂಬ ಗಟ್ಟಿ ಕೃತಕ ನಾರು ಇರುತ್ತದೆ.

ಹಾಸಿಗೆಯ ಕತೆಯೂ ಬದಲಾಯಿತು. 2023ರಲ್ಲಿ ಕರ್ಲಾನನ್ನು ಶೀಲಾ ಫೋಮ್ ಕೊಂಡುಕೊಂಡಿತು. ನಮ್ಮ ಮನೆಯ ಹಳೇ ಕಾಯರ್ ಹಾಸಿಗೆ ಮಾತ್ರ ಇನ್ನೂ ಅಟ್ಟದಲ್ಲಿದೆ. ಬೆಲ್ಟಿನ ತುಂಡು ಕೈಯಲ್ಲಿ ಹಿಡಿದೇ ಅಟ್ಟ ಹತ್ತಿ ಹಾಸಿಗೆಯ ಹರಿದ ಮೂಲೆಯಿಂದ ಒಂದು ನಾರು ಎಳೆದೆ. ಸುಲಭಕ್ಕೆ ಬರಲಿಲ್ಲ. ಬಂದಾಗ ತುದಿಯಲ್ಲಿ ಸಾಸಿವೆಯಷ್ಟು ರಬ್ಬರು ಕಚ್ಚಿಕೊಂಡೇ ಇತ್ತು.