ವೈರ್‌ಗಾರ್ಡ್ ವಿಪಿಎನ್ ಟಿಪ್ಪಣಿ: 'ಅಲೋಡ್ ಐಪೀಸ್' ಅನ್ನೋ ಒಂದೇ ಸಾಲು ಎರಡು ಕೆಲಸ ಮಾಡುತ್ತದೆ

ನಿನ್ನೆ ರಾತ್ರಿ ಹನ್ನೊಂದೂವರೆಗೆ ಕೊನೆಗೂ ಕನೆಕ್ಷನ್ ಸರಿಹೋಯಿತು. ತಲೆಯಲ್ಲಿ ಇನ್ನೂ ಬಿಸಿ ಇರುವಾಗಲೇ ಬರೆದಿಡುತ್ತಿದ್ದೇನೆ, ಇಲ್ಲದಿದ್ದರೆ ಮುಂದಿನ ತಿಂಗಳು ಮತ್ತೆ ಮೊದಲಿಂದ ಕಲಿಯಬೇಕಾಗುತ್ತದೆ. ನನ್ನ ಹಾಗೆ ನೆಟ್‌ವರ್ಕಿಂಗ್ ಈಗಷ್ಟೇ ಕಲಿಯುತ್ತಿರುವವರಿಗೆ ಇದು.

ನನಗೆ ಬೇಕಿದ್ದದ್ದು ಇಷ್ಟು. ತಿಪಟೂರಿನಲ್ಲಿ ಅಪ್ಪನ ಕೊಬ್ಬರಿ ಮಂಡಿ ಇದೆ. ಅಲ್ಲಿ ಲೆಕ್ಕ ಬರೆಯೋಕೆ ಒಂದು ವಿಂಡೋಸ್ ಕಂಪ್ಯೂಟರ್. ನಾನಿರುವುದು ಮೈಸೂರಿನಲ್ಲಿ. ಇಲ್ಲಿನ ಡೆಸ್ಕ್‌ಟಾಪ್‌ನಿಂದ ಅಂಗಡಿಯ ಕಂಪ್ಯೂಟರ್‌ಗೆ ರಿಮೋಟ್ ಡೆಸ್ಕ್‌ಟಾಪ್ ಹಾಕಿ ತಿಂಗಳ ಲೆಕ್ಕ ನೋಡಿಕೊಡಬೇಕು. ರಿಮೋಟ್ ಡೆಸ್ಕ್‌ಟಾಪ್‌ನ 3389 ಪೋರ್ಟನ್ನು ನೇರವಾಗಿ ಇಂಟರ್ನೆಟ್‌ಗೆ ತೆರೆದಿಡುವುದು ಮಂಡಿಯ ಬೀಗ ಹಾಕದೆ ಮನೆಗೆ ಹೋದ ಹಾಗೆ, ದಯವಿಟ್ಟು ಯಾರೂ ಮಾಡಬೇಡಿ. ಅದಕ್ಕೇ ವಿಪಿಎನ್, ಅಂದರೆ ಇಂಟರ್ನೆಟ್ ಮೂಲಕವೇ ನಮ್ಮ ಯಂತ್ರಗಳ ನಡುವೆ ಮಾತ್ರ ಇರುವ ಗುಟ್ಟಿನ ದಾರಿ (ಟನಲ್). ಆ ದಾರಿ ಮಾಡಿಕೊಡುವ ಸಾಫ್ಟ್‌ವೇರ್ ವೈರ್‌ಗಾರ್ಡ್.

ಅಂಗಡಿಯ ಬ್ರಾಡ್‌ಬ್ಯಾಂಡ್‌ಗೆ ಸ್ವಂತ ಪಬ್ಲಿಕ್ ಐಪಿ ಇಲ್ಲ. ಇದನ್ನು ತಿಳಿಯೋದು ಸುಲಭ: ರೂಟರ್‌ನ ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ (ರೂಟರ್‌ನ ಹೊರಗಡೆಯ ವಿಳಾಸ) ನೋಡಿ. ಅದು 100.64 ರಿಂದ 100.127 ರ ಒಳಗಿದ್ದರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ. ಅಂದ್ರೆ ಎಷ್ಟೋ ಮನೆಗಳಿಗೆ ಸೇರಿ ಒಂದೇ ಪಬ್ಲಿಕ್ ಐಪಿ. ಹೊರಗಿನಿಂದ ಯಾರೂ ನಿಮ್ಮ ರೂಟರ್‌ನ ಬಾಗಿಲು ತಟ್ಟೋಕೆ ಆಗಲ್ಲ, ಪೋರ್ಟ್ ಫಾರ್ವರ್ಡಿಂಗ್ ಎಷ್ಟು ಮಾಡಿದರೂ ವ್ಯರ್ಥ. ಹಾಗಾಗಿ ನಡುವೆ ಒಂದು ಉಬುಂಟು ಸರ್ವರ್ ಬಾಡಿಗೆಗೆ ತಗೊಂಡೆ. ಎರಡೂ ಕಡೆಯವರು ಹೊರಟು ಬಂದು ಅಲ್ಲಿ ಸೇರುತ್ತಾರೆ.

ನಾನು ಕೊಟ್ಟ ಟನಲ್ ಐಪಿಗಳು: ಸರ್ವರ್ 10.8.0.1, ಮೈಸೂರಿನ ಡೆಸ್ಕ್‌ಟಾಪ್ 10.8.0.2, ಅಂಗಡಿ 10.8.0.3. ಕೆಳಗೆ ಪೂರ್ತಿ ಇವೇ ಬರುತ್ತವೆ, ನೆನಪಿಟ್ಟುಕೊಳ್ಳಿ.

ಇನ್‌ಸ್ಟಾಲ್ ಮಾಡೋದನ್ನು ಬರೆಯುತ್ತಾ ಕೂರಲ್ಲ. ವೈರ್‌ಗಾರ್ಡ್ 2020ರ ಮಾರ್ಚ್‌ನಲ್ಲಿ ಬಂದ ಲಿನಕ್ಸ್ ಕರ್ನಲ್ 5.6 ರಿಂದ ಕರ್ನಲ್ ಒಳಗೇ ಇದೆ, ವಿಂಡೋಸ್‌ಗೆ ಅದರದೇ ಪುಟ್ಟ ಆ್ಯಪ್ ಇದೆ. 'ಆ್ಯಡ್ ಎಂಪ್ಟಿ ಟನಲ್' ಒತ್ತಿದರೆ ಕೀ ಜೋಡಿ ತಾನೇ ಹುಟ್ಟುತ್ತದೆ. ಪ್ರೈವೇಟ್ ಕೀ ಆಯಾ ಯಂತ್ರದಲ್ಲೇ ಇರಲಿ, ಪಬ್ಲಿಕ್ ಕೀ ಮಾತ್ರ ಎದುರಿನವರ ಫೈಲ್‌ಗೆ ಹೋಗಲಿ. ಕೀ 44 ಅಕ್ಷರ ಇರುತ್ತದೆ, ಕೊನೆಯದು ಸಮ ಚಿಹ್ನೆ. ಕಾಪಿ ಮಾಡುವಾಗ ಆ ಚಿಹ್ನೆ ಬಿಟ್ಟುಹೋಗದ ಹಾಗೆ ನೋಡಿಕೊಳ್ಳಿ.

'ಆ್ಯಕ್ಟಿವ್' ಅಂದ ಮಾತ್ರಕ್ಕೆ ಕನೆಕ್ಟ್ ಆಗಿಲ್ಲ

ಮೊದಲ ದಿನ ಎರಡು ಗಂಟೆ ಹೋದದ್ದು ಇಲ್ಲಿ. ಫೋನಿನಲ್ಲಿ ಅಪ್ಪ "ಹಸಿರು ಬಂದಿದೆ ಕಣೋ, ಆ್ಯಕ್ಟಿವ್ ಅಂತಿದೆ" ಅಂದರು. ನನ್ನ ಕಡೆಯೂ ಆ್ಯಕ್ಟಿವ್. ಆದರೆ ಏನೂ ದಾಟುತ್ತಿಲ್ಲ.

ವೈರ್‌ಗಾರ್ಡ್‌ನಲ್ಲಿ ಆ್ಯಕ್ಟಿವ್ ಅಂದರೆ ಈ ಕಡೆಯ ಅಡಾಪ್ಟರ್ ಎದ್ದಿದೆ ಅಂತ ಅಷ್ಟೇ. ಎದುರಿನ ಸರ್ವರ್ ಸತ್ತಿದ್ದರೂ, ಕೀ ತಪ್ಪಿದ್ದರೂ ಅದು ಹಸಿರಾಗೇ ಇರುತ್ತದೆ. ನೋಡಬೇಕಾದದ್ದು ಕೆಳಗಿರುವ ಎರಡು ಸಾಲು: 'ಲೇಟೆಸ್ಟ್ ಹ್ಯಾಂಡ್‌ಶೇಕ್' (ಎರಡು ಕಡೆಯೂ ಕೀ ನೋಡಿ ಕೈಕುಲುಕಿದ್ದು ಯಾವಾಗ) ಮತ್ತು 'ಟ್ರಾನ್ಸ್‌ಫರ್' (ಎಷ್ಟು ಬೈಟ್ ಬಂತು, ಹೋಯಿತು). ಲಿನಕ್ಸ್‌ನಲ್ಲಿ ಇದೇ ಮಾಹಿತಿ 'ಡಬ್ಲ್ಯೂಜಿ ಶೋ' ಆಜ್ಞೆಯಲ್ಲಿ ಸಿಗುತ್ತದೆ.

ನನ್ನ ಪರದೆಯಲ್ಲಿ ಹ್ಯಾಂಡ್‌ಶೇಕ್ ಸಾಲೇ ಇರಲಿಲ್ಲ. ಟ್ರಾನ್ಸ್‌ಫರ್‌ನಲ್ಲಿ ಬಂದದ್ದು 0 ಬೈಟ್, ಕಳಿಸಿದ್ದು 148. ಐದು ಸೆಕೆಂಡ್ ಬಿಟ್ಟು 296. ಆಮೇಲೆ 444, 592. ಈ ಲೆಕ್ಕ ಗುರುತಿಟ್ಟುಕೊಳ್ಳಿ, ತುಂಬಾ ಉಪಯೋಗಕ್ಕೆ ಬರುತ್ತದೆ. ವೈರ್‌ಗಾರ್ಡ್‌ನ ಮೊದಲ ಹ್ಯಾಂಡ್‌ಶೇಕ್ ಪ್ಯಾಕೆಟ್ ಸರಿಯಾಗಿ 148 ಬೈಟ್, ಉತ್ತರ 92 ಬೈಟ್. ಕಳಿಸಿದ್ದು 148ರ ಮಗ್ಗಿಯಲ್ಲಿ ಏರುತ್ತಾ, ಬಂದದ್ದು ಸೊನ್ನೆಯಲ್ಲೇ ನಿಂತಿದ್ದರೆ ನೀವು ಕೂಗುತ್ತಲೇ ಇದ್ದೀರಿ, ಆ ಕಡೆಯಿಂದ ಓಗೊಡುವವರಿಲ್ಲ ಅಂತ ಅರ್ಥ.

ಯಾಕೆ ಓಗೊಡುತ್ತಿಲ್ಲ ಅಂತ ತಿಳಿಯೋಕೆ ಸರ್ವರ್‌ನಲ್ಲಿ ಟಿಸಿಪಿಡಂಪ್ (ಬಂದು ಹೋಗುವ ಪ್ಯಾಕೆಟ್ ತೋರಿಸುವ ಆಜ್ಞೆ) ಹಾಕಿ ವೈರ್‌ಗಾರ್ಡ್‌ನ ಯುಡಿಪಿ 51820 ಪೋರ್ಟ್ ನೋಡಿ. ಪ್ಯಾಕೆಟ್ ಅಲ್ಲಿ ಕಾಣಿಸಲೇ ಇಲ್ಲ ಅಂದ್ರೆ ದಾರಿಯಲ್ಲಿ ಯಾವುದೋ ಫೈರ್‌ವಾಲ್ ತಡೆದಿದೆ. ಕಾಣಿಸಿದರೂ ಉತ್ತರ ಹೋಗುತ್ತಿಲ್ಲ ಅಂದ್ರೆ ಹೆಚ್ಚಾಗಿ ಕೀ ತಪ್ಪು. ವೈರ್‌ಗಾರ್ಡ್ ಪರಿಚಯ ಇಲ್ಲದವರಿಗೆ "ನೀನು ಯಾರು" ಅಂತಲೂ ಕೇಳಲ್ಲ, ಸುಮ್ನೆ ಇದ್ದುಬಿಡುತ್ತದೆ. ಅದಕ್ಕೇ ಎರರ್ ಮೆಸೇಜ್ ಕಾಯುತ್ತಾ ಕೂತರೆ ಏನೂ ಬರಲ್ಲ. ನನ್ನ ವಿಷಯದಲ್ಲಿ ಬಾಡಿಗೆ ಸರ್ವರ್‌ನ ಕಂಟ್ರೋಲ್ ಪ್ಯಾನೆಲ್‌ನಲ್ಲಿ 51820 ತೆರೆದಿದ್ದೆ, ಆದರೆ ಟಿಸಿಪಿಗೆ. ವೈರ್‌ಗಾರ್ಡ್ ನಡೆಯೋದು ಯುಡಿಪಿ ಮೇಲೆ ಮಾತ್ರ. ಬದಲಾಯಿಸಿದ ಕೂಡಲೇ ಎರಡೂ ಕಡೆ ಹ್ಯಾಂಡ್‌ಶೇಕ್ ಬಂತು.

ಈಗ ಅಲೋಡ್ ಐಪೀಸ್

ಹ್ಯಾಂಡ್‌ಶೇಕ್ ಬಂದ ಮೇಲೆ ಮೈಸೂರಿನಿಂದ 10.8.0.1ಗೆ ಪಿಂಗ್ ಹೋಯಿತು. ಅಂಗಡಿಯಿಂದಲೂ 10.8.0.1ಗೆ ಹೋಯಿತು. ಮೈಸೂರಿನಿಂದ ಅಂಗಡಿಗೆ, ಅಂದರೆ 10.8.0.3ಗೆ, ಹೋಗಲಿಲ್ಲ. ಎರಡು ಕಡೆಯೂ ಸರ್ವರ್‌ವರೆಗೆ ದಾರಿ ಇದೆ, ಆದರೂ ಒಬ್ಬರಿಗೊಬ್ಬರು ಕಾಣಲ್ಲ. ಇದನ್ನು ಬಿಡಿಸೋಕೆ ಮೂರು ಸಂಜೆ ಬೇಕಾಯಿತು, ಅದಕ್ಕೇ ಇಲ್ಲಿ ಜಾಸ್ತಿ ಬರೆಯುತ್ತೇನೆ.

ಕಾನ್ಫಿಗ್ ಫೈಲ್‌ನಲ್ಲಿ ಪ್ರತಿ ಪೀರ್‌ಗೂ, ಅಂದರೆ ಟನಲ್‌ನ ಎದುರು ಕಡೆಯ ಯಂತ್ರಕ್ಕೂ, ಅಲೋಡ್ ಐಪೀಸ್ (AllowedIPs) ಅನ್ನೋ ಒಂದು ಸಾಲು ಇರುತ್ತದೆ. ಆ ಹೆಸರು ನೋಡಿ ನಾನು ಅಂದುಕೊಂಡದ್ದು, ಇದು ಯಾರನ್ನು ಒಳಗೆ ಬಿಡಬೇಕು ಅನ್ನೋ ಪಟ್ಟಿ ಅಂತ. ಅದು ಅರ್ಧ ಮಾತ್ರ ಸರಿ. ಅದೇ ಪಟ್ಟಿಯನ್ನು ವೈರ್‌ಗಾರ್ಡ್ ಎರಡು ಸಲ ಓದುತ್ತದೆ.

ಪ್ಯಾಕೆಟ್ ಹೊರಗೆ ಹೋಗುವಾಗ ಅದು ರೂಟಿಂಗ್ ಪಟ್ಟಿ: "ಈ ವಿಳಾಸಕ್ಕೆ ಹೋಗುವ ಪ್ಯಾಕೆಟನ್ನು ಯಾವ ಪೀರ್ ಕೈಗೆ ಕೊಡಲಿ?" ಇಲ್ಲಿ ನೋಡೋದು ಹೋಗಬೇಕಾದ ವಿಳಾಸ.

ಪ್ಯಾಕೆಟ್ ಒಳಗೆ ಬರುವಾಗ ಅದು ಕಾವಲುಗಾರನ ಪಟ್ಟಿ: "ಈ ಪೀರ್ ತಂದುಕೊಟ್ಟ ಪ್ಯಾಕೆಟ್ ಮೇಲೆ ಈ ಕಳಿಸಿದವರ ವಿಳಾಸ ಇರಬಹುದಾ?" ಇಲ್ಲಿ ನೋಡೋದು ಹೊರಟ ವಿಳಾಸ. ಪಟ್ಟಿಯಲ್ಲಿ ಇಲ್ಲದಿದ್ದರೆ ಸದ್ದಿಲ್ಲದೆ ಬಿಸಾಡುತ್ತದೆ.

ಬಸ್ಸಿನಲ್ಲಿ ಕಳಿಸುವ ಪಾರ್ಸೆಲ್ ಇದ್ದ ಹಾಗೆ. ಕಳಿಸುವಾಗ "ಅರಸೀಕೆರೆಗೆ ಯಾವ ಬಸ್ಸು?" ಅಂತ ಕೇಳುತ್ತೀರಿ. ಇಳಿಸಿಕೊಳ್ಳುವಾಗ "ಈ ಬಸ್ಸಿನಲ್ಲಿ ಬಂದಿದೆ ಸರಿ, ಆದರೆ ಈ ಊರಿನ ಪಾರ್ಸೆಲ್ ಈ ಬಸ್ಸಿನಲ್ಲಿ ಬರಬೇಕಿತ್ತಾ?" ಅಂತ ನೋಡುತ್ತೀರಿ. ಎರಡಕ್ಕೂ ಕೈಯಲ್ಲಿರೋದು ಒಂದೇ ಚೀಟಿ.

ಈಗ ನನ್ನ ತಪ್ಪನ್ನು ಹೆಜ್ಜೆ ಹೆಜ್ಜೆಯಾಗಿ ನೋಡಿ. ಡೆಸ್ಕ್‌ಟಾಪ್ ಮತ್ತು ಅಂಗಡಿ, ಎರಡರಲ್ಲೂ ಸರ್ವರ್ ಪೀರ್‌ನ ಅಲೋಡ್ ಐಪೀಸ್ ಸಾಲಿನಲ್ಲಿ 10.8.0.1/32 ಅಂತ ಬರೆದಿದ್ದೆ (/32 ಅಂದರೆ ಆ ಒಂದೇ ವಿಳಾಸ). ಸರ್ವರ್‌ನ ಐಪಿ ಅದೇ ಅಲ್ವಾ, ಅದಕ್ಕೇ.

ಡೆಸ್ಕ್‌ಟಾಪ್‌ನಿಂದ 10.8.0.3ಗೆ ಪಿಂಗ್ ಹೊರಟಾಗ ಆ ವಿಳಾಸ ಟನಲ್‌ನ ಪಟ್ಟಿಯಲ್ಲಿ ಇಲ್ಲ, ಹಾಗಾಗಿ ಅದು ಟನಲ್‌ಗೇ ಬರಲಿಲ್ಲ, ಮನೆಯ ರೂಟರ್ ಕಡೆ ಹೋಗಿ ಕಳೆದುಹೋಯಿತು. ಇಲ್ಲಿ 10.8.0.0/24 ಅಂತ ಮಾಡಿದೆ, ಅಂದರೆ 10.8.0 ಇಂದ ಶುರುವಾಗುವ ಎಲ್ಲ ವಿಳಾಸ. ಈಗ ಪ್ಯಾಕೆಟ್ ಸರ್ವರ್‌ಗೆ ಬಂತು. ಸರ್ವರ್‌ನಲ್ಲಿ ಐಪಿ ಫಾರ್ವರ್ಡ್ (ಬೇರೆಯವರ ಪ್ಯಾಕೆಟನ್ನು ಮುಂದೆ ದಾಟಿಸುವ ಸೆಟ್ಟಿಂಗ್) ಮೌಲ್ಯ 1 ಇರಬೇಕು, ಯುಎಫ್‌ಡಬ್ಲ್ಯೂ ಫೈರ್‌ವಾಲ್ ಹಾಕಿದ್ದರೆ ಅದು ಫಾರ್ವರ್ಡ್ ಆಗೋದನ್ನು ತಾನಾಗೇ ತಡೆಯುತ್ತದೆ, ಡಬ್ಲ್ಯೂಜಿ0 (ಸರ್ವರ್‌ನ ವೈರ್‌ಗಾರ್ಡ್ ಅಡಾಪ್ಟರ್) ಇಂದ ಡಬ್ಲ್ಯೂಜಿ0ಗೆ ದಾರಿ ಬಿಡಿ ಅಂತ ಹೇಳಬೇಕು. ಅದೂ ಆಯಿತು. ಆದರೂ ಉತ್ತರ ಇಲ್ಲ.

ಸರ್ವರ್‌ನ ಡಬ್ಲ್ಯೂಜಿ0 ಮೇಲೆ ಟಿಸಿಪಿಡಂಪ್ ಹಾಕಿದೆ. ಒಂದೊಂದು ಪಿಂಗೂ ಎರಡೆರಡು ಸಾಲಾಗಿ ಬರುತ್ತಿತ್ತು, 10.8.0.2 ರಿಂದ 10.8.0.3ಗೆ, ಮತ್ತೆ 10.8.0.2 ರಿಂದ 10.8.0.3ಗೆ. ಒಂದು ಒಳಗೆ ಬಂದದ್ದು, ಇನ್ನೊಂದು ಅಂಗಡಿ ಕಡೆ ಹೊರಟದ್ದು. ಅಂದರೆ ಸರ್ವರ್ ತನ್ನ ಕೆಲಸ ಮಾಡಿದೆ. ಪ್ಯಾಕೆಟ್ ಸಾಯುತ್ತಿರೋದು ಅಂಗಡಿಯಲ್ಲಿ.

ಯಾಕೆ? ಅಂಗಡಿಗೆ ಬಂದ ಪ್ಯಾಕೆಟ್ ತಂದದ್ದು ಸರ್ವರ್ ಪೀರ್, ಆದರೆ ಅದರ ಮೇಲಿರುವ ಕಳಿಸಿದವರ ವಿಳಾಸ 10.8.0.2. ಅಂಗಡಿಯ ಚೀಟಿ ಹೇಳೋದು "ಸರ್ವರ್ ಪೀರ್‌ನಿಂದ 10.8.0.1 ಮಾತ್ರ ಬರಬಹುದು". ಕಾವಲುಗಾರ ಬಿಸಾಡಿದ. ಹ್ಯಾಂಡ್‌ಶೇಕ್ ಸರಿ, ಕೀ ಸರಿ, ಪ್ಯಾಕೆಟ್ ಬಾಗಿಲವರೆಗೂ ಬಂದಿದೆ, ಒಳಗೆ ಹೋಗಲಿಲ್ಲ. ಅಪ್ಪನಿಗೆ ಫೋನ್ ಮಾಡಿ "ಅಪ್ಪ, ಆ ಸಾಲಿನಲ್ಲಿ ಕೊನೆಯ ಒಂದನ್ನು ಸೊನ್ನೆ ಮಾಡು, ಓರೆಗೆರೆ ಆದ್ಮೇಲೆ ಇಪ್ಪತ್ತನಾಲ್ಕು ಹಾಕು" ಅಂದೆ. ಸೇವ್ ಮಾಡಿದರು. ರಿಮೋಟ್ ಡೆಸ್ಕ್‌ಟಾಪ್ ಒತ್ತಿದೆ, ಅಂಗಡಿಯ ಲಾಗಿನ್ ಪರದೆ ಬಂತು.

ಸರ್ವರ್ ಕಡೆ ಮಾತ್ರ ಇದರ ಉಲ್ಟಾ. ಅಲ್ಲಿ ಪ್ರತಿ ಪೀರ್‌ಗೂ ಅವರವರ ಒಂದೇ ಐಪಿ: ಡೆಸ್ಕ್‌ಟಾಪ್‌ಗೆ 10.8.0.2/32, ಅಂಗಡಿಗೆ 10.8.0.3/32. ನಾನು ಒಂದು ಸಂಜೆ ಅಲ್ಲೂ ಇಬ್ಬರಿಗೂ 10.8.0.0/24 ಕೊಟ್ಟು ನೋಡಿದೆ. ಆಗ ಡಬ್ಲ್ಯೂಜಿ ಶೋ ಮಾಡಿದರೆ ಮೊದಲ ಪೀರ್‌ನ ಅಲೋಡ್ ಐಪೀಸ್ ಮುಂದೆ 'ನನ್', ಅಂದರೆ ಏನೂ ಇಲ್ಲ ಅಂತ ತೋರಿಸಿತು. ಫೈಲ್‌ನಲ್ಲಿ ಇದೆ, ಪರದೆಯಲ್ಲಿ ಇಲ್ಲ! ಕಾರಣ: ಒಂದೇ ರೇಂಜ್ ಇಬ್ಬರ ಹತ್ತಿರ ಇರೋಕೆ ಆಗಲ್ಲ. ಕೊನೆಗೆ ಯಾರಿಗೆ ಕೊಟ್ಟಿರೋ ಅವರದಾಗುತ್ತದೆ, ಮೊದಲಿನವರ ಕೈಯಿಂದ ಜಾರುತ್ತದೆ. ಹೋಗುವ ಪ್ಯಾಕೆಟನ್ನು ಯಾರಿಗೆ ಕೊಡಬೇಕು ಅನ್ನೋ ಪ್ರಶ್ನೆಗೆ ಒಂದೇ ಉತ್ತರ ಇರಬೇಕಲ್ವಾ? ರೂಟಿಂಗ್ ಪಟ್ಟಿ ಅಂತ ಒಪ್ಪಿಕೊಂಡ ಮೇಲೆ ಇದು ತಾನಾಗೇ ಅರ್ಥವಾಗುತ್ತದೆ.

ಈಗ ನಾನು ಯಾವ ಕಾನ್ಫಿಗ್ ಫೈಲ್ ತೆರೆದರೂ ಆ ಸಾಲಿನ ಮೇಲೆ ಬೆರಳಿಟ್ಟು ಎರಡು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಈ ಪೀರ್ ಮೂಲಕ ನಾನು ಯಾರ ಹತ್ತಿರ ಹೋಗಬೇಕು? ಈ ಪೀರ್ ಮೂಲಕ ಯಾರು ನನ್ನ ಹತ್ತಿರ ಬರುತ್ತಾರೆ?

ಹುಡುಕಿದಲ್ಲೆಲ್ಲ 0.0.0.0/0 ಹಾಕಿ ಅನ್ನೋ ಸಲಹೆ ಸಿಗುತ್ತದೆ. ಅದರ ಅರ್ಥ ನನ್ನ ಇಡೀ ಇಂಟರ್ನೆಟ್ ಟನಲ್ ಒಳಗೇ ಹೋಗಲಿ ಅಂತ. ಅಂಗಡಿಯ ಕಂಪ್ಯೂಟರ್‌ಗೆ ಅದನ್ನು ಹಾಕಿದರೆ ಅಪ್ಪ ನೋಡುವ ಬ್ಯಾಂಕ್ ಪುಟವೂ ಬಾಡಿಗೆ ಸರ್ವರ್ ಸುತ್ತಿ ಬರಬೇಕು. ಸರ್ವರ್‌ನಲ್ಲಿ ನ್ಯಾಟ್ (ಒಳಗಿನ ಐಪಿಯನ್ನು ಪಬ್ಲಿಕ್ ಐಪಿಗೆ ಬದಲಿಸಿ ಕಳಿಸೋದು) ಹಾಕಿಲ್ಲ ಅಂದ್ರೆ ಇಂಟರ್ನೆಟ್ಟೇ ನಿಲ್ಲುತ್ತದೆ. ನಮಗೆ ಬೇಡ.

ಚಿಕ್ಕಪುಟ್ಟವು

ಅಂಗಡಿ ಕಡೆ 'ಪರ್ಸಿಸ್ಟೆಂಟ್ ಕೀಪ್‌ಅಲೈವ್' 25 ಹಾಕಲೇಬೇಕು. ಅದು ನ್ಯಾಟ್ ಹಿಂದೆ ಇರೋದರಿಂದ ಸ್ವಲ್ಪ ಹೊತ್ತು ಸುಮ್ಮನಿದ್ದರೆ ರೂಟರ್ ಆ ದಾರಿಯನ್ನು ಮರೆತುಬಿಡುತ್ತದೆ. 25 ಸೆಕೆಂಡಿಗೊಮ್ಮೆ ಒಂದು ಖಾಲಿ ಪ್ಯಾಕೆಟ್ ಹೋಗುತ್ತಿದ್ದರೆ ದಾರಿ ತೆರೆದಿರುತ್ತದೆ. ಇದಿಲ್ಲದೆ ನನಗೆ ಬೆಳಗ್ಗೆ ಬಂದ ಕನೆಕ್ಷನ್ ಮಧ್ಯಾಹ್ನ ಮಾಯವಾಗುತ್ತಿತ್ತು.

ರಿಮೋಟ್ ಡೆಸ್ಕ್‌ಟಾಪ್ ಬಂದ ಮೇಲೂ ಅಂಗಡಿಗೆ ಪಿಂಗ್ ಹೋಗುತ್ತಿರಲಿಲ್ಲ. ಅದು ವಿಪಿಎನ್ ತಪ್ಪಲ್ಲ. ವಿಂಡೋಸ್ ಫೈರ್‌ವಾಲ್ ಒಳಬರುವ ಪಿಂಗನ್ನು ಸಾಮಾನ್ಯವಾಗಿ ತಡೆಯುತ್ತದೆ. ಹಾಗಾಗಿ ಪಿಂಗ್ ನಂಬಿ ಕೂರಬೇಡಿ. ಪವರ್‌ಶೆಲ್‌ನ 'ಟೆಸ್ಟ್-ನೆಟ್‌ಕನೆಕ್ಷನ್' ಆಜ್ಞೆಗೆ ಪೋರ್ಟ್ 3389 ಕೊಟ್ಟು ನೋಡಿ, ಅದು ನಿಜ ಹೇಳುತ್ತದೆ.

ಲಾಗಿನ್ ಪರದೆ ಬಂದು ಆಮೇಲೆ ಕಪ್ಪಾಗಿ ನಿಂತುಬಿಟ್ಟರೆ ಎಂಟಿಯು, ಅಂದರೆ ಒಂದು ಪ್ಯಾಕೆಟ್ ಎಷ್ಟು ಬೈಟ್‌ವರೆಗೆ ಇರಬಹುದು ಅನ್ನೋ ಮಿತಿ, ಅದರ ಮೇಲೆ ಅನುಮಾನ ಪಡಿ. ಚಿಕ್ಕ ಪ್ಯಾಕೆಟ್ ದಾಟುತ್ತದೆ, ದೊಡ್ಡದು ಸಿಕ್ಕಿಕೊಳ್ಳುತ್ತದೆ. ವೈರ್‌ಗಾರ್ಡ್ ಸಾಮಾನ್ಯವಾಗಿ 1420 ಇಟ್ಟುಕೊಳ್ಳುತ್ತದೆ: 1500ರಲ್ಲಿ ತನ್ನ ಹೊದಿಕೆಗೆ ಜಾಸ್ತಿ ಅಂದರೆ 80 ಕಳೆದು. ಫೋನಿನ ಹಾಟ್‌ಸ್ಪಾಟ್‌ನಲ್ಲಿ ನನಗೆ ಹೀಗಾಯಿತು. ಎಂಟಿಯು 1280 ಅಂತ ಬರೆದೆ, ಪರದೆ ಬಂತು.

ಇನ್ನೊಂದು, ಇದನ್ನು ನಾನು ಊಹಿಸಿಯೇ ಇರಲಿಲ್ಲ. ಶನಿವಾರ ಕರೆಂಟ್ ಹೋಗಿ ಬಂದ ಮೇಲೆ ಅಂಗಡಿಯ ಹ್ಯಾಂಡ್‌ಶೇಕ್ ನಿಂತಿತು. ಕೀ, ಪೋರ್ಟ್, ಎಲ್ಲ ಹಾಗೇ ಇದೆ. ಅಪ್ಪನಿಗೆ ಮೂಲೆಯಲ್ಲಿರುವ ತಾರೀಖು ಓದೋಕೆ ಹೇಳಿದರೆ ಎಷ್ಟೋ ವರ್ಷ ಹಿಂದಿನದು. ಕಂಪ್ಯೂಟರ್‌ನ ಗಡಿಯಾರ ಓಡಿಸುವ, ಮದರ್‌ಬೋರ್ಡ್‌ನ ಸಿಆರ್2032 ಸೆಲ್ ಸತ್ತಿತ್ತು. ಹ್ಯಾಂಡ್‌ಶೇಕ್ ಒಳಗೆ ಕಳಿಸಿದವರ ಗಡಿಯಾರದ ಸಮಯ ಇರುತ್ತದೆ. ಕಳೆದ ಸಲ ಬಂದದ್ದಕ್ಕಿಂತ ಹಿಂದಿನ ಸಮಯ ಬಂದರೆ, ಯಾರೋ ಹಳೇ ಪ್ಯಾಕೆಟನ್ನು ಮತ್ತೆ ಕಳಿಸುತ್ತಿದ್ದಾರೆ ಅಂತ ಸರ್ವರ್ ಅದನ್ನು ಬಿಸಾಡುತ್ತದೆ. ತಾರೀಖು ಸರಿ ಮಾಡಿದ ತಕ್ಷಣ ಹ್ಯಾಂಡ್‌ಶೇಕ್ ಬಂತು. ಸೆಲ್ ಬದಲಾಯಿಸಿದ್ದು ಸೋಮವಾರ.

ಪ್ರಿಂಟರ್ ಬಾಕಿ ಇದೆ

ಅಂಗಡಿಯ ನೆಟ್‌ವರ್ಕ್ ಪ್ರಿಂಟರ್‌ಗೂ ಇಲ್ಲಿಂದಲೇ ಬಿಲ್ ಕಳಿಸಬೇಕು ಅಂತ ಆಸೆ. ಅದರ ಐಪಿ 192.168.1.50. ನನ್ನ ಮನೆಯ ರೂಟರೂ 192.168.1 ರಲ್ಲೇ ಇದೆ. ಡೆಸ್ಕ್‌ಟಾಪ್ ಆ ವಿಳಾಸ ನೋಡಿದ ಕೂಡಲೇ "ಇದು ನಮ್ಮ ಮನೆಯದೇ" ಅಂತ ಪಕ್ಕದ ಕೋಣೆಯಲ್ಲೇ ಹುಡುಕುತ್ತದೆ, ಟನಲ್ ಕಡೆ ತಿರುಗಲ್ಲ. ಎರಡು ಕಡೆ ಒಂದೇ ರೇಂಜ್ ಇದ್ದರೆ ಮೊದಲು ಒಂದನ್ನು ಬದಲಾಯಿಸಬೇಕು. ಭಾನುವಾರ ಮಂಡಿಗೆ ರಜೆ, ಅವತ್ತು ತಿಪಟೂರಿಗೆ ಹೋಗಿ ಅಲ್ಲಿನ ರೂಟರನ್ನು 192.168.77 ಮಾಡಿ ಬರುತ್ತೇನೆ. ಆಮೇಲೆ ಆ ರೇಂಜ್ ಯಾರ ಯಾರ ಅಲೋಡ್ ಐಪೀಸ್‌ಗೆ ಸೇರಬೇಕು ಅಂತ ಈಗಲೇ ಕಾಗದದ ಮೇಲೆ ಬರೆದುಕೊಂಡಿದ್ದೇನೆ: ಡೆಸ್ಕ್‌ಟಾಪ್‌ನಲ್ಲಿ ಸರ್ವರ್ ಪೀರ್‌ಗೆ, ಸರ್ವರ್‌ನಲ್ಲಿ ಅಂಗಡಿ ಪೀರ್‌ಗೆ. ಅಂಗಡಿಯ ಫೈಲ್‌ಗೆ ಬೇಡ, ಯಾಕಂದ್ರೆ ಪ್ರಿಂಟರ್ ಅದರ ಬೆನ್ನ ಹಿಂದೆ ಇದೆ, ಟನಲ್ ಆಚೆ ಅಲ್ಲ.